ಮಿಲಿಟರಿ ಹೊನ್ನಯ್ಯನವರ ಈರುಳ್ಳಿ

ಹಳೇಬೀಡಿನ ಹೊನ್ನಯ್ಯನವರದು ಹದಿನೇಳು ವರ್ಷ ಮಿಲಿಟರಿ, ಆಮೇಲೆ ನಾಲ್ಕು ವರ್ಷ ಇರಾಕಿನಲ್ಲಿ ಬಾಡಿಗೆ ಸೈನಿಕನ ಕೆಲಸ. ಹಾಗಂತ ಹೇಳಿಕೊಂಡವರು ಅವರೇ. ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಅವರು ಬಾಯಿ ತೆರೆದರೆ ಸಾಕು, ಕೇಳುವವರ ಕಾಫಿ ಆರಿಹೋಗುತ್ತಿತ್ತು.

ಅಸಲಿ ಸಂಗತಿ ಏನಪ್ಪಾ ಅಂದರೆ, ಪುಣ್ಯಾತ್ಮ ಎರಡೂ ಕಡೆ ಇದ್ದದ್ದು ಅಡುಗೆಮನೆಯಲ್ಲಿ! ತರಬೇತಿ ಮುಗಿದ ಮೇಲೆ ಬಂದೂಕು ಮುಟ್ಟಿದ್ದೇ ಇಲ್ಲ. ಈ ಗುಟ್ಟು ಹೆಂಡತಿ ಭಾಗ್ಯಳಿಗೂ ಗೊತ್ತಿರಲಿಲ್ಲ. ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು, ಊರಿಗೆ ಮರಳಿದ ಹನ್ನೊಂದು ವರ್ಷದಲ್ಲಿ ಮನೆಯಲ್ಲಿ ಒಂದು ಲೋಟ ನೀರು ಕಾಯಿಸಿದವರಲ್ಲ. ಈರುಳ್ಳಿ ಹೆಚ್ಚಿಕೊಡಿ ಅಂದರೆ, "ಸಿಪಾಯಿಗೆ ಅವೆಲ್ಲ ಬರಾಕಿಲ್ಲ ಕಣೇ" ಅನ್ನುತ್ತಿದ್ದರು.

ಹೀಗಿರುವಾಗ ಬೇಲೂರಿನ ಚೈತನ್ಯ ಎಂಬಾಕೆ ಕ್ಯಾಮೆರಾ ಹೊತ್ತು ಬಂದಳು. ಬಾಡಿಗೆ ಸೈನಿಕನ ಬದುಕಿನ ಸಾಕ್ಷ್ಯಚಿತ್ರ ಮಾಡುತ್ತಾಳಂತೆ. ಹೊನ್ನಯ್ಯನವರು ಇಕ್ಕಟ್ಟಿಗೆ ಸಿಕ್ಕಿದರು. ಒಲ್ಲೆ ಅಂದರೆ ಮಾನ ಹೋಗುತ್ತದೆ, ಹೂಂ ಅಂದರೆ ಗುಟ್ಟು ಹೋಗುತ್ತದೆ. "ಆಗ್ಲಿ ಕಣಮ್ಮ" ಅಂದುಬಿಟ್ಟರು.

ಬಸ್ತಿಹಳ್ಳಿಯ ಬಸದಿ ಹತ್ತಿರದ ಬಯಲಲ್ಲಿ ಚಿತ್ರೀಕರಣ. ಭಾಗ್ಯಳೂ ನೋಡಲು ಬಂದಿದ್ದಳು. ಹೊನ್ನಯ್ಯ ಹೊಟ್ಟೆ ಎಳೆದುಕೊಂಡು ತೆವಳುತ್ತಿರುವಾಗ ಬಸದಿಯ ಊಟದ ಉಸ್ತುವಾರಿ ಹೊತ್ತಿದ್ದ ಪಕ್ಕದ ಮನೆಯ ಜಿನಪ್ರಸಾದ್ ಏದುಸಿರು ಬಿಡುತ್ತಾ ಓಡಿ ಬಂದರು.

"ಕೆಟ್ಟೆ ಕಣ್ರೀ! ಯಾತ್ರೆಗೆ ಬಂದಿರೋ ನಲವತ್ತು ಜನ ಜೈನರು ಊಟಕ್ಕೆ ಕೂತಿದಾರೆ, ಅಡುಗೆಯವನು ಜ್ವರ ಅಂತ ಮಲಗಿಬಿಟ್ಟ. ಹೊತ್ತು ಮುಳುಗಿದ್ರೆ ಅವರು ಒಂದು ಅಗುಳೂ ಮುಟ್ಟಲ್ಲ. ವಯಸ್ಸಾದವರು, ಮಕ್ಕಳು, ಎಲ್ಲಾ ಉಪವಾಸ!"

ಗಂಟೆ ಐದು. ಎಲ್ಲರೂ ಬಸದಿಯ ಅಡುಗೆ ಶೆಡ್ಡಿಗೆ ಓಡಿದರು. ಒಲೆ ತಣ್ಣಗಿತ್ತು. ಹೊನ್ನಯ್ಯ ಒಮ್ಮೆ ಕ್ಯಾಮೆರಾ ನೋಡಿದರು, ಒಮ್ಮೆ ಹೆಂಡತಿಯನ್ನು ನೋಡಿದರು. ಆಮೇಲೆ ಖಾಲಿ ಪಾತ್ರೆ ನೋಡಿದರು ನೋಡಿ, ತಡೆಯಲಾಗಲಿಲ್ಲ.

"ಒಲೆ ಹಚ್ರೀ! ನೀರು ಬಟ್ಟೇಲಿ ಸೋಸಿ! ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹತ್ರಕ್ಕೂ ತರಬೇಡಿ! ಜಿನಪ್ರಸಾದ್, ನೀವು ಕುಂಬಳಕಾಯಿ ಹೆಚ್ಚಿ. ಅದೇನ್ರೀ, ಮದುವೆಗೆ ಬಂದಂಗೆ ನಿಂತಿದೀರಾ!"

ನಲವತ್ತು ಜನರ ಅನ್ನವನ್ನು ಒಬ್ಬರೇ ಬಸಿದರು. ಒಗ್ಗರಣೆಯ ಘಾಟಿಗೆ ಚೈತನ್ಯ ಸೀನಿ ಸೀನಿ ಕ್ಯಾಮೆರಾ ಅಲ್ಲಾಡಿತು. ಆರು ಹೊಡೆಯುವಷ್ಟರಲ್ಲಿ ಎಲೆಗಳ ಮೇಲೆ ಅನ್ನ, ತೊವ್ವೆ, ಪಲ್ಯ. ಉಂಡೆದ್ದ ಅಜ್ಜಿಯೊಬ್ಬರು ಅವರಿಗೆ ಕೈ ಮುಗಿದರು. ಹೊನ್ನಯ್ಯನವರ ಕಣ್ಣು ತುಂಬಿತು. ಅಷ್ಟು ವರ್ಷ ಕೊಚ್ಚಿಕೊಂಡದ್ದಕ್ಕೆ ಒಬ್ಬರೂ ಕೈ ಮುಗಿದಿರಲಿಲ್ಲ.

"ಸರ್, ಇದನ್ನ ಯಾವ ಯುದ್ಧದಲ್ಲಿ ಕಲಿತ್ರಿ?" ಚೈತನ್ಯ ಕೇಳಿದಳು.

"ಎಲ್ಲೋದ್ರೂ ನಂದು ಇದೇ ಕೆಲ್ಸ ಕಣಮ್ಮ. ಮಿಕ್ಕಿದ್ದೆಲ್ಲಾ ಬುರುಡೆ."

ನೆರೆದವರು ಗೊಳ್ಳೆಂದು ನಕ್ಕರು. ಭಾಗ್ಯ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೆ ಬಂದು ನಿಂತಳು.

"ಹನ್ನೊಂದು ವರ್ಷ! ಮೈ ಸುಡೋ ಜ್ವರದಾಗೂ ಎದ್ದು ಮುದ್ದೆ ತಿರುವಿದೀನಲ್ರೀ ನಾನು!"

ಬಾಡಿಗೆ ಸೈನಿಕರು ತಲೆ ತಗ್ಗಿಸಿದರು. "ನಾಳೆಯಿಂದ ನಾನೇ..."

ಭಾಗ್ಯ ಆಗಲೇ ಫೋನ್ ಕಿವಿಗಿಟ್ಟಿದ್ದಳು. "ಅಣ್ಣಾ, ಮನೆಮಂದಿನೆಲ್ಲಾ ಕರ್ಕಂಡು ಈಗ್ಲೇ ಊಟಕ್ಕೆ ಬಾ. ಹದಿನಾಲ್ಕು ಜನಾನೂ ಬರ್ರಿ."

ಫೋನ್ ಇಟ್ಟು ಗಂಡನ ಕಡೆ ತಿರುಗಿದಳು. "ಅವರಿಗೆ ಈರುಳ್ಳಿ ಜಾಸ್ತಿ ಬೇಕು. ನಡೀರಿ, ಹೆಚ್ಚೀರಂತೆ."