ಕ್ಯಾಚ್ ಬಿಟ್ಟಾಗ ಕೂಗಿದವನು

೧೯೯೩ರಲ್ಲಿ ಎಂಟನೇ ಕ್ಲಾಸಿಗೆ ಓದು ನಿಲ್ಲಿಸಿ ವೆಲ್ಡಿಂಗ್ ಕಲಿತೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಮೆರವಣಿಗೆ ಹೋದವರು ನನ್ನ ಅಪ್ಪ. ಹಾಗಾಗಿ ರಣಜಿ ಶುರುವಾದರೆ ಕೇರಳದ ಗಡಿಯೊಳಗಿನ ಉಪ್ಪಳದ ನನ್ನ ವರ್ಕ್‌ಶಾಪಿನಲ್ಲಿ ಕರ್ನಾಟಕಕ್ಕೇ ಜೈಕಾರ. ಕೇರಳದ ವಿಕೆಟ್ ಬಿದ್ದಾಗಲೆಲ್ಲ ಜೊತೆಗೆ ದುಡಿಯುವ ಮಲಯಾಳಿ ಗೆಳೆಯನನ್ನು ಗೇಲಿ ಮಾಡುತ್ತಿದ್ದೆ.

ಒಂದು ಸೀಸನ್ನಿನಲ್ಲಿ ಎರಡೂ ತಂಡಗಳು ಎದುರಾದವು. ಸೋಲು ತಪ್ಪಿಸಲು ಕೇರಳದ ಕೊನೆಯ ಜೋಡಿ ಸಂಜೆಯವರೆಗೂ ಕ್ರೀಸಿನಲ್ಲಿ ನಿಂತಿತು. ನಾವು ಕೆಲಸ ಬಿಟ್ಟು ಮೊಬೈಲಿನಲ್ಲಿ ನೋಡುತ್ತಿದ್ದೆವು. ಕರ್ನಾಟಕದವನೊಬ್ಬ ಸುಲಭದ ಕ್ಯಾಚ್ ಕೈಬಿಟ್ಟಾಗ, “ಅಬ್ಬ, ಬಚಾವ್!” ಎಂದು ಕೂಗಿದವನು ನಾನು.

ಗೆಳೆಯ ನನ್ನನ್ನೇ ನೋಡಿದ. “ಎಂತ ಮಾರಾಯ, ಬಿಟ್ಟದ್ದು ನಿಮ್ಮವ ಅಲ್ವಾ?”

ನಾಚಿಕೆಯಿಂದ ಮುಖ ಎತ್ತಲಾಗದೆ, ಕೊಯ್ಯಲು ಕಬ್ಬಿಣವೇ ಇಲ್ಲದಿದ್ದರೂ ಗ್ರೈಂಡರ್ ಹಾಕಿದೆ.

ಈಗ ನನಗೆ ಒಂದು ವರ್ಕ್‌ಶಾಪ್, ಎರಡು ವೆಲ್ಡಿಂಗ್ ಮೆಷಿನ್, ಎರಡು ಟೀಮು.