ಹಿಡಿದವರೊಂದಿಗೇ ಮುಗಿಯುವ ಹುದ್ದೆ

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ. ದೋಹಾದ ಅಬು ಹಮೂರಿನಲ್ಲಿ, ಬ್ರಿಟಿಷ್ ಪಠ್ಯಕ್ರಮದ ಖಾಸಗಿ ಶಾಲೆಯೊಂದರಲ್ಲಿ ನಾನು ಇತಿಹಾಸ ಶಿಕ್ಷಕಿ. ಕಟ್ಟಡ, ರಸ್ತೆಗಳ ಕೆಲಸ ಮುಗಿದು ಎಷ್ಟೋ ಎಂಜಿನಿಯರುಗಳು ಸಂಸಾರ ಸಮೇತ ಹೊರಟುಹೋಗಿದ್ದರು. ತರಗತಿಗಳಲ್ಲಿ ಬೆಂಚುಗಳು ಖಾಲಿಯಾಗತೊಡಗಿದ್ದವು. ಅನಗತ್ಯ ಹುದ್ದೆಗಳನ್ನು ಗುರುತಿಸಲು ಆಡಳಿತ ಮಂಡಳಿ ಮೂವರ ಸಮಿತಿ ಮಾಡಿ, ಹಿರಿಯಳೆಂದು ನನ್ನನ್ನೂ ಸೇರಿಸಿತು. ಬೇಡವೆನ್ನುವಷ್ಟು ಧೈರ್ಯವೂ ಆಗ ನನ್ನಲ್ಲಿರಲಿಲ್ಲ.

ಅದೇ ತಿಂಗಳು ಹನ್ನೊಂದನೆಯ ತರಗತಿಗೆ ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಬ್ರಿಟಿಷ್ ಸರ್ಕಾರದ ಸುಧಾರಣೆಗಳ ಪಾಠ ನಡೆಯುತ್ತಿತ್ತು. ಅಮೆರಿಕದ ಯುದ್ಧ ಸೋತು ಸಾಲದಲ್ಲಿ ಮುಳುಗಿದ್ದ ಆ ಸರ್ಕಾರದ ತುಂಬ ಸೈನಿಕ್ಯೂರ್‌ಗಳು, ಅಂದರೆ ಕೆಲಸವಿಲ್ಲದೆ ಸಂಬಳ ತರುವ ಹುದ್ದೆಗಳು. ರಾಜಕಾರಣಿಗಳು ಅವನ್ನು ತಮ್ಮ ಕಡೆಯವರಿಗೆ ಹಂಚಿದ್ದರು. ಕೆಲವನ್ನು ಕಾಯ್ದೆಯಿಂದಲೇ ರದ್ದು ಮಾಡಿದರು. ಇನ್ನೆಷ್ಟನ್ನೋ, ಆ ಹುದ್ದೆ ಹಿಡಿದವರು ಸಾಯುವವರೆಗೆ ಬಿಟ್ಟು, ಆಮೇಲೆ ತುಂಬಲಿಲ್ಲ. ಗಲಾಟೆಯಿಲ್ಲದ ಸುಧಾರಣೆ ಎಂದು ಪ್ರತಿವರ್ಷ ನಾನದನ್ನು ಹೊಗಳುತ್ತಿದ್ದೆ.

ಸಮಿತಿಯ ಪಟ್ಟಿಯಲ್ಲಿ ಮೊದಲ ಹೆಸರು ಈರಣ್ಣನವರದು. ಬಾಗಲಕೋಟೆಯವರು, ವಯಸ್ಸು ಐವತ್ತೇಳು. ದೋಹಾದ ಹೊರವಲಯದ ಮುಐದರ್‌ನ ಒಂದು ಕೋಣೆಯಲ್ಲಿ ಇನ್ನು ಮೂವರೊಡನೆ ವಾಸ. ಶಾಲೆಯ ಜೆರಾಕ್ಸ್ ಕೋಣೆ ಅವರ ಕೈಯಲ್ಲಿತ್ತು. ಶಿಕ್ಷಕರೆಲ್ಲ ತಾವೇ ಪ್ರಿಂಟ್ ತೆಗೆಯತೊಡಗಿದ ಮೇಲೆ ಅಲ್ಲಿ ಕೆಲಸವೇ ಉಳಿದಿರಲಿಲ್ಲ.

"ಈ ಪೋಸ್ಟ್ ಖಲಾಸ್ ಮಾಡುವ, ಟೀಚರ್. ಅವರು ಸುಮ್ಮನೆ ಕೂತುಕೊಳ್ಳುವುದಲ್ವಾ?" ಎಂದರು ಸಮಿತಿಯ ಅಧ್ಯಕ್ಷರಾಗಿದ್ದ ಮಂಗಳೂರಿನ ಮ್ಯಾನೇಜರ್.

ಕೆಲಸ ಹೋದರೆ ವೀಸಾವೂ ಹೋಗುತ್ತದೆ. ನನಗೆ ನನ್ನ ಪಾಠ ನೆನಪಾಯಿತು. ನಿವೃತ್ತಿಯವರೆಗೆ ಅವರಿರಲಿ, ಆಮೇಲೆ ಹುದ್ದೆ ತುಂಬುವುದು ಬೇಡ ಎಂದು ಎರಡು ಸಭೆ ಹಟ ಹಿಡಿದೆ. ಕೊನೆಗೆ ಒಪ್ಪಿದರು. ನಾನೇ ಬರೆದುಕೊಟ್ಟ ಸುತ್ತೋಲೆ ನೋಟಿಸ್ ಬೋರ್ಡಿಗೆ ಬಂತು: ಜೆರಾಕ್ಸ್ ವಿಭಾಗದ ಹುದ್ದೆ ಅನಗತ್ಯವಾಗಿದ್ದು, ಹಾಲಿ ನೌಕರರೊಂದಿಗೆ ಕೊನೆಗೊಳ್ಳುತ್ತದೆ.

ಮರುದಿನ ಈರಣ್ಣ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

"ಅಕ್ಕಾರ, ಅದನ್ನ ಬರದವ್ರು ನೀವೇ ಅಂತಲ್ರಿ?"

"ಹೌದು ಈರಣ್ಣ. ನಿಮ್ಮ ಕೆಲಸ ಉಳೀಲಿ ಅಂತ."

"ಕೆಲಸ ಎಲ್ಲಿ ಉಳೀತ್ರಿ? ಕುರ್ಚಿ ಉಳೀತು. ನಾ ಯಾವಾಗ ಎದ್ದು ಹೋಗ್ತೀನಂತ ಎಲ್ಲಾರೂ ಕಾಯೂದು." ಒಂದು ಹೆಜ್ಜೆ ಒಳಗೆ ಬಂದು ಹೇಳಿದರು: "ನನಗ ಬುಕ್ ಬೈಂಡಿಂಗ್ ಬರ್ತೈತ್ರಿ. ಒಂದ್ ಮಾತ್ ಕೇಳಿದ್ರ ಲೈಬ್ರರಿ ಪುಸ್ತಕ ಎಲ್ಲಾ ಹೊಲದು ಕೊಡ್ತಿದ್ದೆ."

ಹರಿದ ಪುಸ್ತಕಗಳನ್ನು ನಾವು ಪ್ರತಿವರ್ಷ ರದ್ದಿಗೆ ಹಾಕುತ್ತಿದ್ದೆವು. ಈರಣ್ಣನವರಿಗೆ ಲೈಬ್ರರಿಯ ಬೈಂಡಿಂಗ್ ಕೆಲಸ ಕೊಡಿ ಎಂದು ಕೇಳಲು ಅವತ್ತೇ ಮ್ಯಾನೇಜರರ ಹತ್ತಿರ ಹೋದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಇನ್ನು ಬದಲಾವಣೆ ಮಾಫಿ, ಇಲ್ಲವೇ ಇಲ್ಲ, ಟೀಚರ್. ನೀವು ಹೇಳಿದ ಹಾಗೇ ಆಯ್ತಲ್ಲ?"

ವರ್ಷದ ಕೊನೆಗೆ ಈರಣ್ಣ ರಾಜೀನಾಮೆ ಕೊಟ್ಟರು. ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ಇಳಿಯುವಾಗ, "ನಿಮ್ಮ ಮ್ಯಾಲ ಸಿಟ್ಟಿಲ್ರಿ, ಅಕ್ಕಾರ" ಎಂದರು. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹುದ್ದೆ ಬೇಕೋ ಬೇಡವೋ ಎಂಬುದನ್ನು ಕಡತ ನೋಡಿ ಹೇಳಬಹುದು. ಅಲ್ಲಿ ಕೂತವರಿಗೆ ಇನ್ನೇನು ಬರುತ್ತದೆ ಎಂಬುದನ್ನು ಅವರನ್ನೇ ಕೇಳಬೇಕು. ಸಮಿತಿ ನಡೆದ ಅಷ್ಟು ದಿನವೂ ನಾನು ಆ ಕೋಣೆಯ ಮುಂದೆಯೇ ಓಡಾಡುತ್ತಿದ್ದೆ. ಒಂದು ಸಲವೂ ಒಳಗೆ ಹೋಗಿ ಕೇಳಿರಲಿಲ್ಲ.