ದೇವರ ಕೆಲಸಕ್ಕೆ ಹೊರಟ ಕಯಾಕ್

ದೇವರಿಗೆ ಏರಿಸಿದ ಹೂವು ಕೊಳೆತರೆ ಎಂಥ ವಾಸನೆ ಬರುತ್ತದೆ ಎಂಬುದು ಏರಿಸಿದವರಿಗೆ ಗೊತ್ತಿರುವುದಿಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು, ಕಾರಿನ ಡಿಕ್ಕಿಗೆ ಹಾಕಿಕೊಂಡು, ಗೋಪನಕೊಪ್ಪದಿಂದ ಯಲ್ಲಾಪುರ ದಾಟಿ, ಘಟ್ಟ ಇಳಿದು ಅಂಕೋಲೆಯ ಕಡಲದಂಡೆಯವರೆಗೆ ಹೊತ್ತೊಯ್ಯುತ್ತಿದ್ದ ನನಗೆ ಗೊತ್ತು. ಚೆಂಡುಹೂವು, ಎಣ್ಣೆಯಲ್ಲಿ ನೆನೆದ ಬತ್ತಿ, ಬೂಷ್ಟು ಹಿಡಿದ ತೆಂಗಿನಕಾಯಿ ಎಲ್ಲ ಸೇರಿದ ನಾತ ಘಟ್ಟದ ತಿರುವಿನಲ್ಲಿ ಕಾರೆಲ್ಲ ತುಂಬಿಬಿಡುತ್ತಿತ್ತು. ಕಿಟಕಿ ಇಳಿಸಿದರೂ ಹೋಗುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಸಮುದ್ರ ಅಷ್ಟೇ. ತಾರಿಹಾಳದಲ್ಲಿ ನನ್ನದೊಂದು ಸಣ್ಣ ಲೇಥ್ ವರ್ಕ್‌ಶಾಪ್. ವಾರವೆಲ್ಲ ಕಬ್ಬಿಣದ ಚೂರು, ಕರೀ ಎಣ್ಣೆ, ಕಿವಿಗಡಚಿಕ್ಕುವ ಸದ್ದು. ಐವತ್ತು ದಾಟಿದ ಮೇಲೆ ಇಬ್ಬರು ಕೂರುವ ಕಯಾಕ್ ಕೊಂಡೆ. ಉದ್ದನೆಯ ಸಪೂರ ದೋಣಿ, ಕೂತಲ್ಲೇ ಎರಡೂ ಕಡೆ ಹುಟ್ಟು ಹಾಕುವುದು. ಅದರ ಮೂತಿಗೆ ನಾನೇ ಒಂದು ಸ್ಟೀಲಿನ ಬುಡ ಮಾಡಿ ಪುಟ್ಟ ಹಾಯಿ ನಿಲ್ಲಿಸಿದೆ. ಮಳೆಗಾಲ ಮುಗಿದ ಮೇಲೆ ಬೆಳಗ್ಗೆ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನ ಕಡಲ ಕಡೆಯಿಂದ. ಹೋಗುವುದಕ್ಕೂ ಗಾಳಿ, ಬರುವುದಕ್ಕೂ ಗಾಳಿ. ಹಾಯಿ ತುಂಬಿಕೊಂಡಿತೆಂದರೆ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸುಮ್ಮನೆ ಕೂರಬಹುದು. ಆ ಸುಖ ಹೇಳಿದರೆ ತಿಳಿಯುವಂಥದ್ದಲ್ಲ.

ಮುಂದಿನ ಸೀಟು ಹೆಂಡತಿಗೆಂದೇ ಇಟ್ಟಿದ್ದೆ. ಅವಳು ಬರಲು ಸುತಾರಾಂ ಒಪ್ಪಲಿಲ್ಲ. ಹೆದರಿಕೆ ನೀರಿನದಲ್ಲ, ಓಣಿಯದು.

"ಮಗಳ ಲಗ್ನಾ ಮಾಡಿ ಕೊಟ್ಟಾಕಿ ದೋಣ್ಯಾಗ ಮಜಾ ಮಾಡಾಕ ಹೊಂಟಾಳ ಅಂತಾರ ಮಂದಿ. ನೀವ ಹೋಗಿ ಬರ್ರಿ," ಅಂದಳು.

ಆಗ ಎದುರುಮನೆಯಾಕೆ ಒಂದು ಚೀಲ ಹಿಡಿದು ಬಂದರು. "ಸಮುದ್ರಕ್ಕ ಹೊಂಟೀರಂತಲ್ರಿ. ನಮ್ಮ ದೇವರ ಹೂವಾ ಇಷ್ಟ ನೀರಿಗೆ ಬಿಟ್ಟ ಬರ್ರಿ, ಪುಣ್ಯಾ ಬರತೈತಿ."

ಏರಿಸಿದ ಹೂವು ಯಾರ ಕಾಲಿಗೂ ಸಿಗಬಾರದು, ನೀರಿಗೇ ಹೋಗಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಬಾವಿಗಳನ್ನು ಮುಚ್ಚಿಯಾಗಿದೆ, ಕೆರೆಗಳು ಗಬ್ಬು ನಾರುತ್ತವೆ. ಹೀಗಾಗಿ ಓಣಿಯ ದೇವರ ಮನೆಗಳೆಲ್ಲ ನನ್ನ ಕಯಾಕ್ ಮೇಲೆ ಬಿದ್ದವು. ನಾನು ಬೇಡ ಎನ್ನುವಷ್ಟರಲ್ಲಿ ಹೆಂಡತಿ ಆ ಚೀಲ ಇಸಿದುಕೊಂಡು, "ನಾನೂ ಬರತೇನಿ, ದೇವರ ಕೆಲಸಾ ಅಲ್ರಿ," ಅಂದಳು. ದೇವರ ಕೆಲಸಕ್ಕೆ ಹೊರಟವಳನ್ನು ಯಾರು ಏನನ್ನುತ್ತಾರೆ?

ನಾನು ಚೀಲವನ್ನು ಡಿಕ್ಕಿಗೆ ಹಾಕಿದೆ. ಚೀಲ ನಿಂತ ದಿನ ಅವಳೂ ನಿಲ್ಲುತ್ತಾಳೆ ಎಂಬುದು ಗೊತ್ತಿತ್ತು. ಪ್ಲಾಸ್ಟಿಕ್ ನೀರಿಗೆ ಹಾಕಬಾರದು ಎಂದಷ್ಟೇ ಹೇಳಿದೆ. ಅವಳು ದಂಡೆಯಿಂದ ದೂರ ಹೋದ ಮೇಲೆ ಒಂದೊಂದೇ ಚೀಲವನ್ನು ಕಣ್ಣಿಗೊತ್ತಿಕೊಂಡು, ಗಂಟು ಬಿಚ್ಚಿ, ಹೂವನ್ನು ಸುರಿದು, ಲೊಳೆಲೊಳೆಯಾದ ಖಾಲಿ ಚೀಲಗಳನ್ನು ಕಾಲಡಿಗೆ ತುರುಕಿಕೊಳ್ಳುತ್ತಿದ್ದಳು. ಹಿಂದೆ ಕೂತ ನಾನು ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದೆ. ಅದು ಮುಗಿಯಿತೆಂದರೆ ಹಾಯಿಯ ಹಗ್ಗ ಅವಳ ಕೈಗೆ. "ಇನ್ನೊಂದೀಟ ಮುಂದ ಹೋಗೂಣ ನಡೀರಿ," ಅನ್ನುತ್ತಿದ್ದಳು. ಮನೆಯಲ್ಲಿ ತನಗಾಗಿ ಇನ್ನೊಂದಿಷ್ಟು ಎಂದು ಯಾವತ್ತೂ ಕೇಳದವಳು. ಆ ಮಾತಿಗಾಗಿ ನಾನು ಇಡೀ ಊರಿನ ಕೊಳಕು ಹೊರುವುದಕ್ಕೂ ತಯಾರಿದ್ದೆ.

ದೀಪಾವಳಿ ಮುಗಿದ ಭಾನುವಾರ ಡಿಕ್ಕಿ ತುಂಬಿ ಹಿಂದಿನ ಸೀಟೂ ತುಂಬಿತ್ತು. ಎದುರುಮನೆಯ ಚೀಲವೇ ಎಲ್ಲಕ್ಕಿಂತ ದೊಡ್ಡದು, ಮೂರು ಗಂಟು ಹಾಕಿದ್ದರು. ದಾರಿಯುದ್ದಕ್ಕೂ ಅದರಿಂದ ಬೇರೆಯೇ ಒಂದು ನಾತ. ಹಬ್ಬದ ಹೂವು ಹೆಚ್ಚು ಕೊಳೆತಿರಬೇಕು ಅಂದುಕೊಂಡೆ.

ಗಾಳಿ ಹದವಾಗಿತ್ತು. ದಂಡೆಯ ಗಾಳಿಮರಗಳು ಸಣ್ಣಗೆ ಕಾಣುವಷ್ಟು ದೂರ ಹೋದ ಮೇಲೆ ಹಾಯಿ ಇಳಿಸಿದೆ. ಹೆಂಡತಿ ಆ ದೊಡ್ಡ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ಎಡಗಣ್ಣಿಗೆ, ಬಲಗಣ್ಣಿಗೆ, ಹಣೆಗೆ ಒತ್ತಿಕೊಂಡಳು. ಗಂಟು ಬಿಚ್ಚಿದಳು. ಮೇಲೆ ಒಂದು ಹಿಡಿ ಚೆಂಡುಹೂವು. ಅದರ ಕೆಳಗೆ ಎದುರುಮನೆಯ ಮೊಮ್ಮಗನ ಡೈಪರ್‌ಗಳು. ಉಬ್ಬಿದವು, ಸೋರುತ್ತಿದ್ದವು, ಒಂದರ ಮೇಲೊಂದು ಅಂಟಿಕೊಂಡವು. ಅವುಗಳ ಸಂದಿಯಲ್ಲಿ ಸೀಗಡಿಯ ಸಿಪ್ಪೆಯಂಥದ್ದೇನೋ, ಹಳಸಿದ ಅನ್ನ, ಕೂದಲಿನ ಉಂಡೆ.

ಅವಳು ಕಯಾಕ್ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡಳು. ನಾನೂ ಮಾಡಿಕೊಂಡೆ. ಆಮೇಲೆ ಬೊಗಸೆಯಲ್ಲಿ ಉಪ್ಪುನೀರು ತೆಗೆದುಕೊಂಡು ಕಣ್ಣು, ಹಣೆ ಕೆಂಪಾಗುವವರೆಗೆ ತಿಕ್ಕಿದಳು. ತಿಕ್ಕುತ್ತಲೇ ಇದ್ದಳು. ನನಗೆ ಆ ಮಲದ ಮೇಲಿನ ಹೇಸಿಗೆಗಿಂತ ಅದನ್ನು ಹೂವಿನಿಂದ ಮುಚ್ಚಿದ ಕೈಯ ಮೇಲಿನ ಹೇಸಿಗೆ ಹೆಚ್ಚಾಯಿತು. ಇವಳು ನಮಸ್ಕಾರ ಮಾಡುತ್ತಾಳೆಂದು ಆ ಕೈಗೆ ಗೊತ್ತಿತ್ತು.

"ತಿರಗಸ್ರಿ," ಅಂದಳು. ಚೀಲಕ್ಕೆ ಮತ್ತೆ ಮೂರು ಗಂಟು ಹಾಕಿ ಕಾಲಸಂದಿಯಲ್ಲಿ ಇಟ್ಟುಕೊಂಡಳು. ನನ್ನ ಮುಂದಿನ ಸೀಟು ಇನ್ನು ಖಾಲಿಯೇ ಎಂದು ನನಗನ್ನಿಸಿತು. ದಂಡೆಯವರೆಗೂ ಅವಳ ಬೆನ್ನು ನೋಡುತ್ತ ಹುಟ್ಟು ಹಾಕಿದೆ.

ಸಂಜೆ ಓಣಿಗೆ ಬಂದಾಗ ಎದುರುಮನೆಯಾಕೆ ಗೇಟಿನಲ್ಲೇ ನಿಂತಿದ್ದರು. "ಬಿಟ್ಟ ಬಂದ್ರೇನ್ರಿ ಅಕ್ಕಾರ?"

ಹೆಂಡತಿ ಚೀಲವನ್ನು ಅವರ ಕೈಗಿತ್ತಳು. "ಇದು ನಿಮ್ಮದು. ಬಿಚ್ಚಿ ನೋಡೇವಿ."

"ಅಯ್ಯ, ಹಬ್ಬದಾಗ ಕಸದ ಗಾಡಿನ ಬರಲಿಲ್ರಿ. ಸಮುದ್ರ ಅಷ್ಟ ದೊಡ್ಡದೈತಿ, ಅದಕ್ಕೇನ ಗೊತ್ತಾಕ್ಕೈತಿ?" ಮುಖದಲ್ಲಿ ನಾಚಿಕೆಯ ಗೆರೆಯೂ ಇಲ್ಲ. "ಮುಂದಿನ ವಾರ ಬರೇ ಹೂವಾ ಕೊಡತೇನಿ. ದೇವರ ಕೆಲಸಾ, ಬಿಡಬ್ಯಾಡ್ರಿ."

ನಾನು ಹೆಂಡತಿಯ ಮುಖ ನೋಡಿದೆ. ಚೀಲ ಇಸಿದುಕೊಂಡರೂ ಕೆಟ್ಟೆ, ಬಿಟ್ಟರೂ ಕೆಟ್ಟೆ.

"ದೇವರ ಕೆಲಸಾ ಸಾಕ್ರಿ," ಅಂದಳು ಅವಳು. "ಮುಂದಿನ ವಾರ ನಾ ಸುಮ್ಮನ ಹೊಕ್ಕೇನಿ. ಹಾಯಿ ಬಿಟ್ಟಾಗ ನನಗ ಖುಷಿ ಆಕ್ಕೈತಿ, ಅದಕ್ಕ."

ಎದುರುಮನೆಯಾಕೆಯ ಮೂಗು ಆಗ ಮುದುಡಿತು. ಸೋರುವ ಚೀಲವನ್ನು ಹಿಡಿದು ನಿಂತಾಗ ಬಾರದ ಹೇಸಿಗೆ ಆ ಮಾತಿಗೆ ಬಂತು. "ಖುಷೀಗೆ? ಈ ವಯಸ್ಸಿನ್ಯಾಗ?"

"ಹೂಂನ್ರಿ. ಈ ವಯಸ್ಸಿನ್ಯಾಗನ," ಅಂದು ನನ್ನ ಹೆಂಡತಿ ಮನೆಯೊಳಗೆ ಹೋದಳು.